ಹತ್ತೊಂಬತ್ತನೆಯವನು

ಓಟದ ಪಂದ್ಯದಲ್ಲಿ ಮೊದಲು ಬಂದವನ ಹೆಸರನ್ನು ಲೋಕ ನೆನಪಿಡುತ್ತದೆ. ಎರಡನೆಯವನನ್ನು ಅವನ ನಾಡು ನೆನಪಿಡುತ್ತದೆ. ಮೂರನೆಯವನನ್ನು ಅವನ ಊರು. ಆದರೆ ಹತ್ತೊಂಬತ್ತನೆಯವನಾಗಿ ಬಂದವನನ್ನು ನೆನಪಿಡಬೇಕಾದ ಹೊಣೆ ಯಾರದು? ಬೈಲಹೊಂಗಲದಲ್ಲಿ ನೆಲೆಸಿರುವ ಒಬ್ಬ ವೃದ್ಧ ಮಾಸ್ತರರು ಈ ಹೊಣೆಯನ್ನು, ಯಾರೂ ಹೊರಿಸದೆ ಇದ್ದರೂ, ತಾವಾಗಿಯೇ ಹೊತ್ತುಕೊಂಡಿದ್ದಾರೆ.

ಮಾಸ್ತರರ ಹುಟ್ಟೂರು ಕಿತ್ತೂರು. ನೌಕರಿಯ ಬಹುಭಾಗ ಕಳೆದುದು ಸವದತ್ತಿ ಮತ್ತು ರಾಮದುರ್ಗದ ಸೀಮೆಯಲ್ಲಿ. ನಿವೃತ್ತರಾದ ಮೇಲೆ ಮಗ ಸೊಸೆಯರೊಡನೆ ಬೈಲಹೊಂಗಲಕ್ಕೆ ಬಂದರು. ಕಲಿಸಿದ್ದು ಇತಿಹಾಸ, ಅದರ ಜೊತೆಗೆ ಕವಾಯತು. ವಯಸ್ಸು ಎಂಬತ್ತು ದಾಟಿದ್ದರೂ ಸಂಜೆಯ ತಿರುಗಾಟ ತಪ್ಪಿಸಿದವರಲ್ಲ. ರಾಣಿ ಚೆನ್ನಮ್ಮನ ಸಮಾಧಿಯ ತನಕ ನಡೆದು ಹೋಗಿ, ಅಲ್ಲಿ ಒಂದು ಗಳಿಗೆ ನಿಂತು, ಮರಳಿ ಬರುವುದು ಅವರ ದಿನಚರಿ. 1824ರಲ್ಲಿ ಕಿತ್ತೂರಿನ ಕೋಟೆಯೆದುರು ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ರಾಣಿ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದಳು. ಗೆದ್ದ ಊರು ಒಂದು, ಮಣ್ಣಾದ ಊರು ಇನ್ನೊಂದು. ಎರಡೂ ಊರುಗಳ ಉಪ್ಪುಂಡವರು ತಾವೆಂದು ಮಾಸ್ತರರಿಗೆ ಸಣ್ಣದೊಂದು ಹೆಮ್ಮೆ.

ಒಂದು ಸಂಜೆ ಅವರು ತಿರುಗಾಟದಿಂದ ಮನೆಗೆ ಬಂದಾಗ ಮೊಮ್ಮಗಳು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ಆ ದಿನ ತಾಲೂಕು ಮಟ್ಟದ ಕ್ರೀಡಾಕೂಟದಲ್ಲಿ ಮೂರು ಸಾವಿರ ಮೀಟರು ಓಡಿ ಬಂದಿದ್ದಳು. ಮುಖ ಕೆಂಪೇರಿತ್ತು, ಕಣ್ಣು ಅದಕ್ಕಿಂತ ಹೆಚ್ಚು ಕೆಂಪಾಗಿತ್ತು. ಕಾಲಿಗೆ ಮೆತ್ತಿದ ಎರೆಮಣ್ಣನ್ನು ತೊಳೆದಿರಲಿಲ್ಲ.

“ಯಾಕ ಅಳತೀ, ಅವ್ವಿ?” ಎಂದರು ಮಾಸ್ತರರು.

“ಏಳನೇದಾಕಿ ಆಗಿ ಬಂದೆ, ಅಜ್ಜಾ.”

“ಎಷ್ಟು ಮಂದಿ ಓಡಿದ್ರಿ?”

“ಹದಿನಾಕು.”

“ಹಂಗಾರ ಏಳು ಮಂದಿ ನಿನ್ನ ಹಿಂದ ಇದ್ರಲ್ಲ?”

ಈ ಸಮಾಧಾನ ಹುಡುಗಿಗೆ ಹಿಡಿಸಲಿಲ್ಲ. ಒಳಗಿನಿಂದ ತಾಯಿಯ ದನಿ ಕೇಳಿಸಿತು. “ಮಾವಾರ, ನೀವs ಆಕಿಗೆ ಹೇಳ್ರಿ. ಮುಂದಿನ ವರ್ಷ ಹತ್ತನೇತ್ತ. ಓಡೂದು ಸಾಕು. ಮೊದಲನೇ ನಂಬರ ಬಂದಿದ್ರ ಮಾತು ಬ್ಯಾರೆ. ಏಳನೇ ನಂಬರಿಗೆ ಏನ ಕೊಡತಾರು?”

ಸೊಸೆಯ ಮಾತು ಕಠಿಣವೆಂದು ಮಾಸ್ತರರಿಗೆ ಅನಿಸಲಿಲ್ಲ. ಪುಸ್ತಕದ ಬೆಲೆ, ಶಿಕ್ಷಣದ ಶುಲ್ಕ, ಮುಂದೆ ಮಗಳಿಗೊಂದು ನೌಕರಿ, ಇವೆಲ್ಲವನ್ನೂ ಎಣಿಸುವ ತಾಯಿ ಆಡುವ ಮಾತೇ ಅದು. ಆದರೂ ಅದರಲ್ಲಿಯ ಕೊನೆಯ ಪ್ರಶ್ನೆ ಅವರ ಎದೆಯಲ್ಲಿ ಎಲ್ಲಿಯೋ ಹಳೆಯ ಗಾಯವೊಂದನ್ನು ಮುಟ್ಟಿತು. ಏನು ಕೊಡುತ್ತಾರೆ? ಈ ಒಂದು ಪ್ರಶ್ನೆಯ ಸುತ್ತ ಅವರ ನೌಕರಿಯ ದಿನಗಳ ಒಂದು ದೊಡ್ಡ ತಪ್ಪು ಹೆಣೆದುಕೊಂಡಿತ್ತು. ಅವರು ಒಳಗೆ ಹೋಗಿ ಕೈಕಾಲು ತೊಳೆದು ಬಂದು, ಮೊಮ್ಮಗಳ ಪಕ್ಕದಲ್ಲಿ ಕುಳಿತು, “ನಮ್ಮ ಬೆಳಗಾವಿ ಕಡೆಯವ ಒಬ್ಬ ಹತ್ತೊಂಬತ್ತನೇದವ ಆಗಿ ಬಂದಿದ್ದ, ಗೊತ್ತೇನು?” ಎಂದು ಮಾತು ತೆಗೆದರು.

ಓಡುವುದು ಈ ಸೀಮೆಗೆ ಹೊಸದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳಲ್ಲಿ ಒಂದಕ್ಕೂ ಬ್ರಿಟಿಷರ ಕಾಲದ ರೈಲುಹಾದಿ ಮುಟ್ಟಲಿಲ್ಲ. ಉಗಿಬಂಡಿಯನ್ನು ಏರಬೇಕಾದರೆ ಬೆಳಗಾವಿಗೋ ಧಾರವಾಡಕ್ಕೋ ಹೋಗಬೇಕು; ಅಲ್ಲಿಯ ತನಕ ಚಕ್ಕಡಿ, ಇಲ್ಲವೆ ಕಾಲು. ಊರಿಂದೂರಿಗೆ ಸುದ್ದಿ ಒಯ್ಯುವ ವಾಲೀಕಾರನ ಅನ್ನವಿದ್ದುದೇ ಅವನ ಕಾಲಿನಲ್ಲಿ. ಟಪಾಲಿನ ಚೀಲ ಹೊತ್ತು, ಗೆಜ್ಜೆಯ ಕೋಲು ಹಿಡಿದು, ಹಳ್ಳಕೊಳ್ಳಗಳನ್ನು ದಾಟಿ ಓಡುವ ಹರಿಕಾರನ ಸಪ್ಪಳ ಹಿಂದಿನ ತಲೆಮಾರಿನವರ ಕಿವಿಗೆ ಪರಿಚಿತವಾಗಿತ್ತು.

ಇದು ಹೊಟ್ಟೆಪಾಡಿನ ಓಟವಾಯಿತು. ಹಬ್ಬದ ಓಟ ಬೇರೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸೇರುವ ಜನಸ್ತೋಮ, ರಾಮದುರ್ಗದ ಬಳಿಯ ಗೊಡಚಿಯ ವೀರಭದ್ರನ ಜಾತ್ರೆ, ಹಳ್ಳಿಹಳ್ಳಿಯ ಹನುಮಪ್ಪನ ಓಕುಳಿ. ಜಾತ್ರೆಗಳ ಕಾಲ ಬಂದರೆ ಈ ಸೀಮೆಯ ಬಯಲು ಬಯಲೆಲ್ಲ ಅಖಾಡವಾಗುತ್ತದೆ. ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಿ ಬೆಳೆದ ಪೈಲವಾನರು ಬೆಳ್ಳಿಯ ಕಡಗಕ್ಕಾಗಿ ಕುಸ್ತಿ ಹಿಡಿಯುತ್ತಾರೆ. ತರುಣರು ಸಂಗ್ರಾಣಿಕಲ್ಲು ಎತ್ತುತ್ತಾರೆ. ಜೋಳದ ಚೀಲವನ್ನು ಹೆಗಲಿಗೇರಿಸಿ ನಡೆಯುತ್ತಾರೆ. ಪಣ ಕಟ್ಟಿ ಓಡುತ್ತಾರೆ. ಗೆದ್ದವನಿಗೆ ರುಮಾಲು, ತೆಂಗಿನಕಾಯಿ, ಒಂದಿಷ್ಟು ರೊಕ್ಕ. ಈ ಕೊಡುಗೆ ತೆಗೆದುಕೊಳ್ಳುವುದರಲ್ಲಿ ತಪ್ಪಿದೆಯೆಂದು ಇಲ್ಲಿ ಯಾರಿಗೂ ತೋರಿದುದಿಲ್ಲ. ಕೊಡುವವನಿಗೆ ಅದು ಮರ್ಯಾದೆ, ಕೊಳ್ಳುವವನಿಗೆ ಅದು ಪ್ರಸಾದ.

ಕಿತ್ತೂರಿನ ಮುಂದೆ ಹಾಯುವ ಹೆದ್ದಾರಿಯನ್ನು ಹಿಡಿದು ಉತ್ತರಕ್ಕೆ ಹೋದರೆ ಬೆಳಗಾವಿ. ಇನ್ನೂ ಮುಂದೆ ಹೋದರೆ ಪುಣೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಓದಿಗೆ, ವ್ಯಾಪಾರಕ್ಕೆ, ಕುಸ್ತಿಗೆ, ರಾಜಕಾರಣಕ್ಕೆ ಈ ಕಡೆಯ ಜನ ಪುಣೆಯತ್ತ ಮುಖ ಮಾಡುವುದು ಸ್ವಾಭಾವಿಕವಾಗಿತ್ತು. ಆ ಪುಣೆಯಲ್ಲಿ 1906ರಲ್ಲಿ ಡೆಕ್ಕನ್ ಜಿಮಖಾನಾ ಎಂಬ ಸಂಸ್ಥೆ ಹುಟ್ಟಿತು. ಜಮಶೇಟಜಿ ಟಾಟಾ ಅವರ ಹಿರಿಯ ಮಗ, ಜಮಶೇಟಪುರದ ಉಕ್ಕಿನ ಕಾರಖಾನೆಯನ್ನು ನಿಲ್ಲಿಸಿದ ಸರ್ ದೋರಾಬಜಿ ಟಾಟಾ ಅದರ ಅಧ್ಯಕ್ಷರಾಗಿದ್ದರು. ಇಂಗ್ಲೆಂಡಿನಲ್ಲಿ ಓದುವಾಗ ಅಲ್ಲಿಯ ಆಟಗಳ ರುಚಿ ಹತ್ತಿಸಿಕೊಂಡು ಬಂದವರು ಅವರು.

ಮೊದಲನೆಯ ಮಹಾಯುದ್ಧ ಮುಗಿದ ಹೊಸದು. 1918ರ ಸಾಂಕ್ರಾಮಿಕ ಜ್ವರ ಮುಂಬಯಿ ಪ್ರಾಂತದ ಮನೆಮನೆಯಲ್ಲಿ ಹೆಣ ಕೆಡಹಿ ಹೋಗಿತ್ತು. ಅಂಥ ದಿನಗಳಲ್ಲಿ, 1919ರ ಸುಮಾರಿಗೆ, ದೋರಾಬಜಿಯವರು ಜಿಮಖಾನಾದ ವಾರ್ಷಿಕ ಪಂದ್ಯಗಳನ್ನು ನೋಡಲು ಹೋದರು. ಅಲ್ಲಿ ಕಂಡುದನ್ನು ಮುಂದೆ 1929ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಕಾಗದದಲ್ಲಿ ಅವರು ವಿವರಿಸಿದ್ದಾರೆ. ಓಡಲು ಬಂದವರು ಹೊಲದಲ್ಲಿ ದುಡಿಯುವ ಒಕ್ಕಲುಮಕ್ಕಳು. ಉಂಡುದು ಬಡವರ ಊಟ. ಮೈದಾನ ಚಿಕ್ಕದು, ಉರುಳುಗಲ್ಲು ಹಾಯಿಸದ ಒರಟು ಹುಲ್ಲುನೆಲ. ನೇರವಾದ ಹಾದಿಗೆ ಅಲ್ಲಿ ಸ್ಥಳವೇ ಇಲ್ಲ. ಆದುದರಿಂದ ನೂರು ಗಜದ ಓಟವನ್ನು ತಿರುವಿನಲ್ಲಿ ಓಡಿಸುವ ಯೋಚನೆ ನಡೆದಿತ್ತು. ಓಟಗಾರರ ನಡುವೆ ಹಗ್ಗ ಕಟ್ಟುವ ಪದ್ಧತಿಯೂ ಇರಲಿಲ್ಲ. ಐರೋಪ್ಯ ನಿಯಮಗಳ ಗಾಳಿ ಕೂಡ ಅವರಿಗೆ ಸೋಕಿರಲಿಲ್ಲ.

ಆದರೆ ದೂರದ ಓಟ ಬಂದಾಗ ಮಾತು ಬೇರೆಯಾಯಿತು. ಸುಮಾರು 25 ಮೈಲಿನ ಓಟವನ್ನು ಈ ಹುಡುಗರು ಜಲ್ಲಿ ಹಾಸಿದ ಗಟ್ಟಿ ರಸ್ತೆಯ ಮೇಲೆ ಬರಿಗಾಲಿನಲ್ಲಿ ಓಡಿದರು. ಕಲಿಸಿದವರಿಲ್ಲ, ತಿದ್ದಿದವರಿಲ್ಲ. ಆದರೂ ಅವರು ತೆಗೆದುಕೊಂಡ ವೇಳೆ ಯೂರೋಪಿನ ಪಂದ್ಯಗಳ ವೇಳೆಯೊಡನೆ ಹೋಲಿಸಲು ತಕ್ಕುದಾಗಿತ್ತು. ಇವರಲ್ಲಿ ಮೂವರನ್ನು ತಮ್ಮ ಸ್ವಂತ ಖರ್ಚಿನಿಂದ ಬೆಲ್ಜಿಯಂ ದೇಶದ ಆಂಟ್ವರ್ಪ್ ಪಟ್ಟಣದಲ್ಲಿ ನಡೆಯಲಿದ್ದ ಒಲಿಂಪಿಕ್ ಪಂದ್ಯಗಳಿಗೆ ಕಳುಹಿಸುವೆನೆಂದು ದೋರಾಬಜಿ ಮುಂದೆ ಬಂದರು. ಆ ಮಾತು ಪುಣೆಯ ರಾಷ್ಟ್ರಾಭಿಮಾನಿಗಳ ಮನಸ್ಸಿಗೆ ಕಿಡಿ ಹಚ್ಚಿತು. ಮೂವರೇ ಏಕೆ, ಭಾರತದ ಒಂದು ತಂಡವೇ ಹೋಗಲಿ ಎಂದರು. ಮುಂಬಯಿಯ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ನೆರವಿನಿಂದ ಭಾರತಕ್ಕೆ ಪ್ರವೇಶ ದೊರೆಯಿತು. 1920ರಲ್ಲಿ ಪುಣೆಯಲ್ಲಿ ಆಯ್ಕೆಯ ಪಂದ್ಯಗಳು ನಡೆದವು. ನೂರು ಮೀಟರು ಓಟಕ್ಕೆ ಎಷ್ಟು ವೇಳೆ ಬೇಕಾದೀತೆಂದು ಕೇಳಿದಾಗ, ಸಂಸ್ಥೆಯ ಹಿರಿಯರೊಬ್ಬರು ಒಂದೆರಡು ನಿಮಿಷ ಹಿಡಿಯಬಹುದೆಂದು ಉತ್ತರಿಸಿದರೆಂಬ ಕಥೆಯೂ ಆ ದಿನಗಳ ಬಗ್ಗೆ ಪ್ರಚಲಿತವಾಗಿದೆ. ದೇಶವೇ ಅಂಬೆಗಾಲಿಡುತ್ತಿದ್ದ ಕಾಲವದು.

ಆರಿಸಲ್ಪಟ್ಟವರು ಆರು ಮಂದಿ: ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಓಟಗಾರರಲ್ಲಿ ಬಂಗಾಳದ ಪೂರ್ಮಾ ಬ್ಯಾನರ್ಜಿ, ಸದಾಶಿವ ದಾತಾರ, ಕೈಕಾಡಿ, ಮತ್ತು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಕುಸ್ತಿಗೆ ರಣಧೀರ ಶಿಂದೆ, ಕುಮಾರ ನವಲೆ. ಹೆಸರನ್ನು ಉಚ್ಚರಿಸಿದಾಗಲೇ ಮೊಮ್ಮಗಳು ತಲೆಯೆತ್ತಿದಳು. ಮಗನ ಹೆಸರಿಗೂ ತಂದೆಯ ಹೆಸರಿಗೂ ‘ಅಪ್ಪ’ ಎಂಬ ತುದಿ. ಚೌಗುಲೆ ಎಂಬುದು ಊರಗೌಡನ ಕೈಕೆಳಗಿನ ಹಳೆಯದೊಂದು ಹುದ್ದೆ. ಹಳ್ಳಿಯ ಹಾಜರಿ ಪುಸ್ತಕದಿಂದ ಹರಿದು ತಂದಂಥ ಹೆಸರು.

ಹಡಗು ಹತ್ತಿ ಅವರು ಹೊರಟರು. ಅವರು ಪರದೇಶದಲ್ಲಿದ್ದಾಗಲೇ, ಆಗಸ್ಟ್ 1ರಂದು, ಮುಂಬಯಿಯಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡರು. ಅದೇ ದಿನ ಗಾಂಧೀಜಿಯವರ ಅಸಹಕಾರದ ಚಳವಳಿ ಮೊದಲಾಯಿತು. ತಾಯ್ನಾಡು ಹೀಗೆ ಹೊಯ್ದಾಡುತ್ತಿರುವಾಗ ಈ ಆರು ಜನ ಆಳುವವರ ಬಾವುಟದ ಕೆಳಗೆ, ಭಾರತವೆಂಬ ಹೆಸರು ಹೊತ್ತು, ಆಂಟ್ವರ್ಪಿನ ಕ್ರೀಡಾಂಗಣವನ್ನು ಹೊಕ್ಕರು. ಬಾವುಟ ಹಿಡಿದವನು ಬ್ಯಾನರ್ಜಿ. ಯುದ್ಧದಲ್ಲಿ ನೊಂದ ಪಟ್ಟಣ ಅದು. ಐದು ಉಂಗುರಗಳ ಒಲಿಂಪಿಕ್ ಧ್ವಜ ಒಲಿಂಪಿಕ್ ಪಂದ್ಯಗಳಲ್ಲಿ ಮೊದಲು ಹಾರಿದುದೂ, ಆಟಗಾರರ ಪರವಾಗಿ ಪ್ರತಿಜ್ಞೆ ಮೊದಲು ನಡೆದುದೂ ಅಲ್ಲಿಯೇ.

ಮ್ಯಾರಥಾನ್ ಓಟ ನಡೆದುದು 1920ರ ಆಗಸ್ಟ್ 22ರಂದು. ಅಲ್ಲಿಯ ಹಾದಿಯ ಉದ್ದ 42 ಕಿಲೋಮೀಟರು 750 ಮೀಟರು. ಒಲಿಂಪಿಕ್ ಚರಿತ್ರೆಯಲ್ಲಿ ಅದಕ್ಕಿಂತ ಉದ್ದವಾದ ಮ್ಯಾರಥಾನ್ ಇಲ್ಲ. “ಅಂದರ, ಇಲ್ಲಿಂದ ಹೆಚ್ಚೂ ಕಡಿಮಿ ಬೆಳಗಾವಿ ಮುಟ್ಟೂದ್ರಾಗ ಬಂತು, ನೋಡು” ಎಂದು ಮಾಸ್ತರರು ಮೊಮ್ಮಗಳಿಗೆ ಅಳತೆ ಹೇಳಿದರು. ಮೊದಲು ಬಂದವನು ಫಿನ್‌ಲಂಡಿನ ಹಾನ್ನೆಸ್ ಕೋಲೆಮೈನನ್. 2 ಗಂಟೆ 32 ನಿಮಿಷ 35.8 ಸೆಕೆಂಡು. ಎಸ್ತೋನಿಯದ ಯೂರಿ ಲೊಸ್ಮನ್ ಅವನ ಬೆನ್ನಿಗೆ, ಹದಿಮೂರು ಸೆಕೆಂಡು ತುಂಬುವ ಮೊದಲೇ ಬಂದನು. ಮೂರನೆಯವನಾದ ಇಟಲಿಯ ವಾಲೇರಿಯೊ ಆರ್ರಿ ಗೆರೆ ದಾಟಿದ ಮೇಲೆ ಆನಂದಕ್ಕೆ ಲಾಗ ಹಾಕಿದನು. ದಾತಾರರಿಗೆ ಓಟ ಮುಗಿಸಲಾಗಲಿಲ್ಲ. ಫಡೆಪ್ಪ ಚೌಗುಲೆ ಮುಗಿಸಿದನು. 2 ಗಂಟೆ 50 ನಿಮಿಷ 45.4 ಸೆಕೆಂಡು, ಹತ್ತೊಂಬತ್ತನೆಯ ಸ್ಥಾನ. ಶಿಂದೆಯವರು ಕುಸ್ತಿಯಲ್ಲಿ ನಾಲ್ಕನೆಯವರಾಗಿ, ಪದಕ ಕೈಗೆ ಬಂದಂತಾಗಿ ತಪ್ಪಿತು. ಭಾರತದ ಮೊದಲನೆಯ ಒಲಿಂಪಿಕ್ ತಂಡ ಬರಿಗೈಯಲ್ಲಿ ತಿರುಗಿ ಬಂದಿತು.

“ಬರಿಗೈಲೆ ಬಂದ್ರ ಏನ ಹೆಚ್ಚಿಂದಾತು, ಅಜ್ಜಾ?” ಎಂದಳು ಹುಡುಗಿ.

ಮಾಸ್ತರರು ಉತ್ತರ ಕೊಡಲಿಲ್ಲ. ಕೊಡಬೇಕಾದರೆ ಇನ್ನೊಂದು ಸಂಗತಿ ಹೇಳಬೇಕಾಗಿತ್ತು. ಅದನ್ನು ಅವರು ಈ ತನಕ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

1970ರ ಸುಮಾರಿನ ಮಾತು. ಆಗ ಅವರು ತರುಣ ಶಿಕ್ಷಕರು. ಹೈಸ್ಕೂಲೊಂದರ ಕ್ರೀಡೆಯ ಭಾರ ಅವರ ಮೇಲಿತ್ತು. ಮಲಪ್ರಭೆಯ ದಂಡೆಯ ಹಳ್ಳಿಯೊಂದರಿಂದ ದಿನಾಲು ನಡೆದು ಬರುವ ಹುಡುಗನೊಬ್ಬನಿದ್ದನು. ಕೂಲಿಯವಳ ಮಗ. ತಂದೆಯಿಲ್ಲ. ತಡವಾದ ದಿನ ಅವನು ನಡೆಯುತ್ತಿರಲಿಲ್ಲ, ಓಡಿ ಬರುತ್ತಿದ್ದನು. ಪ್ರಾರ್ಥನೆಯ ಗಂಟೆ ಬಾರಿಸುವಾಗ ಸಾಲಿನಲ್ಲಿ ನಿಂತಿರುತ್ತಿದ್ದನು, ಏದುಸಿರು ಸಹ ಇರುತ್ತಿರಲಿಲ್ಲ. ಮಾಸ್ತರರು ಅವನ ಓಟವನ್ನು ಗಡಿಯಾರ ಹಿಡಿದು ನೋಡಿದರು. ಜಿಲ್ಲೆಯಲ್ಲಿ ಅವನಿಗೆ ಎದುರಿಲ್ಲವೆಂಬುದು ಖಾತ್ರಿಯಾಯಿತು. ಮೂರು ತಿಂಗಳು ತಾವೇ ನಿಂತು ಅವನನ್ನು ಸಿದ್ಧಗೊಳಿಸಿದರು.

ಪಂದ್ಯಕ್ಕೆ ನಾಲ್ಕು ದಿನವಿದ್ದಾಗ ಇನ್ನೊಬ್ಬ ಶಿಕ್ಷಕರು ಒಂದು ಸುದ್ದಿ ತಂದರು. ಹುಡುಗ ಹಿಂದಿನ ವಾರ ಜಾತ್ರೆಯೊಂದರಲ್ಲಿ ಪಣಕ್ಕೆ ಓಡಿ ಐದು ರೂಪಾಯಿ, ಒಂದು ರುಮಾಲು ಗೆದ್ದಿದ್ದನು. ಮಾಸ್ತರರು ತರಬೇತಿಯ ಕಾಲದಲ್ಲಿ ಹವ್ಯಾಸಿ ಆಟಗಾರನ ಲಕ್ಷಣವನ್ನು ಬಾಯಿಪಾಠ ಮಾಡಿದ್ದವರು. ಹಣಕ್ಕಾಗಿ ಆಡಿದವನು ಹವ್ಯಾಸಿಯಲ್ಲ. ಹವ್ಯಾಸಿಯಲ್ಲದವನಿಗೆ ಪಂದ್ಯದಲ್ಲಿ ಎಡೆಯಿಲ್ಲ. ಹುಡುಗನನ್ನು ಕರೆಸಿ ಕೇಳಿದರು. ಅವನು ಮುಚ್ಚಿಡಲಿಲ್ಲ.

“ಹೌದ್ರೀ ಸರ, ಓಡೇನ್ರೀ. ರೊಕ್ಕ ಅವ್ವನ ಕೈಯಾಗ ಕೊಟ್ಟೇನ್ರೀ. ತಿರುಗಿ ಕೊಡಂದ್ರ ಕೊಡತಿದ್ದೆ. ಆದ್ರ ಆಕಿ ಆಗಲೇ ಜ್ವಾಳಾ ತಂದಾಳ್ರೀ.”

ಮಾಸ್ತರರು ಪಟ್ಟಿಯಿಂದ ಅವನ ಹೆಸರನ್ನು ಹೊಡೆದು ಹಾಕಿದರು. ಮೇಲಿನಿಂದ ಯಾರ ಒತ್ತಾಯವೂ ಇರಲಿಲ್ಲ. ತಾವು ನ್ಯಾಯವಂತರೆಂಬ ಅಭಿಮಾನವೊಂದೇ ಆ ಗೆರೆಯನ್ನು ಎಳೆಸಿತು. ಹುಡುಗ ಏನೂ ಅನ್ನಲಿಲ್ಲ. ಒಂದು ವಾರ ಶಾಲೆಗೆ ಬಂದನು. ಆ ಮೇಲೆ ಬರಲಿಲ್ಲ. ಎಷ್ಟೋ ವರ್ಷಗಳ ನಂತರ ಸವದತ್ತಿಯ ಬಸ್ ನಿಲ್ದಾಣದಲ್ಲಿ ನಡುವಯಸ್ಸಿನವನೊಬ್ಬ ಮುಂದೆ ಬಂದು, ಬಾಗಿ ಕಾಲು ಮುಟ್ಟಿ, “ಆರಾಮ ಅದೀರಿ, ಸರ?” ಎಂದನು. ಹತ್ತಿರದ ಅಂಗಡಿಗೆ ಕರೆದೊಯ್ದು ಚಹ ಕುಡಿಸಿದನು. ರೊಕ್ಕ ಕೊಡಲು ಹೋದರೆ ಕೈ ಹಿಡಿದನು. ಆ ಸಂಗತಿಯನ್ನು ಎತ್ತಲೇ ಇಲ್ಲ. ಅವನು ಒಂದು ಬಿರುನುಡಿಯನ್ನಾದರೂ ಆಡಿದ್ದರೆ ಮಾಸ್ತರರ ಎದೆ ಹಗುರಾಗುತ್ತಿತ್ತೋ ಏನೋ.

ನಿವೃತ್ತರಾದ ಮೇಲೆ ಒಲಿಂಪಿಕ್ ಚರಿತ್ರೆಯ ಪುಸ್ತಕಗಳನ್ನು ಅವರು ಹುಡುಕಿ ಹುಡುಕಿ ಓದಿದುದಕ್ಕೆ ಕಾರಣ ಈ ಚಹವೇ. ‘ಹವ್ಯಾಸಿ’ ಎಂಬ ಶಬ್ದ ಎಲ್ಲಿಂದ ಬಂದಿತು, ಆ ಕಾಯದೆಯನ್ನು ಬರೆದವರು ಯಾರು ಎಂಬುದನ್ನು ತಿಳಿಯಬೇಕೆನಿಸಿತು. ತಿಳಿದುಕೊಂಡಷ್ಟೂ ಅವರ ಮನಸ್ಸು ಭಾರವಾಯಿತು. 1879ರಲ್ಲಿ ಇಂಗ್ಲೆಂಡಿನ ಹೆನ್ಲಿಯ ದೋಣಿಪಂದ್ಯದವರು ಮಾಡಿದ ನಿಯಮದಂತೆ, ಕಸುಬುದಾರನೂ ಕೂಲಿಕಾರನೂ ಹವ್ಯಾಸಿಯೆನಿಸಲಾರರು. ಅಂದರೆ, ಹಣ ತೆಗೆದುಕೊಂಡನೋ ಇಲ್ಲವೋ ಎಂಬುದಲ್ಲ ಪ್ರಶ್ನೆ. ಕೈಯಿಂದ ದುಡಿದು ಉಣ್ಣುವವನು ಮಹನೀಯರ ಪಕ್ಕದಲ್ಲಿ ಕೂಡಬಾರದು. ಮರುವರ್ಷ ಹುಟ್ಟಿದ ಇಂಗ್ಲೆಂಡಿನ ಓಟಪಂದ್ಯಗಳ ಸಂಘ ಈ ಕಟ್ಟನ್ನು ಬಿಟ್ಟುಕೊಟ್ಟಿತು. ಆದರೆ ಹಣದ ಮೈಲಿಗೆಯನ್ನು ಉಳಿಸಿಕೊಂಡಿತು.

ಆ ಮೈಲಿಗೆಗೆ ಬಲಿಯಾದವರು ಒಬ್ಬಿಬ್ಬರಲ್ಲ. ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್ 1912ರ ಒಲಿಂಪಿಕ್ಸಿನಲ್ಲಿ ಎರಡು ಬಂಗಾರದ ಪದಕ ಗೆದ್ದನು. ಅದಕ್ಕೆ ಮೊದಲು ಚೆಂಡಾಟಕ್ಕೆಂದು ಅಲ್ಪ ಸಂಬಳ ಪಡೆದಿದ್ದನೆಂದು 1913ರಲ್ಲಿ ಆ ಪದಕಗಳನ್ನು ಕಸಿದುಕೊಂಡರು. ಅವನು ಸತ್ತು ಮೂವತ್ತು ವರ್ಷಗಳಾಗುವಾಗ ಮನೆಯವರಿಗೆ ಹಿಂದಿರುಗಿಸಿದರು. ಆಂಟ್ವರ್ಪಿನಲ್ಲಿ ಮ್ಯಾರಥಾನ್ ಗೆದ್ದ ಕೋಲೆಮೈನನ್ ಇಟ್ಟಿಗೆ ಕಟ್ಟುವ ಗಾರೆಯವನು. ಹೆನ್ಲಿಯ ನಿಯಮ ಅಲ್ಲಿ ನಡೆದಿದ್ದರೆ ಅವನು ಗೆರೆಯ ಹತ್ತಿರ ಸುಳಿಯುವಂತಿರಲಿಲ್ಲ. ಪುಣೆಯ ಒಕ್ಕಲುಮಕ್ಕಳ ಮಾತಂತೂ ದೂರವೇ ಉಳಿಯಿತು.

ದೋರಾಬಜಿಯವರ ಕಾಗದದ ವಿವರವನ್ನು ಓದಿದ ದಿನ ಮಾಸ್ತರರಿಗೆ ನಿದ್ದೆ ಬರಲಿಲ್ಲ. ಆ ಸಿರಿವಂತರು ಮೈದಾನದ ಅಂಚಿನಲ್ಲಿ ನಿಂತು, ಹೊಲದಿಂದ ಬಂದ ಹುಡುಗರ ಬರಿಗಾಲನ್ನು ನೋಡಿದರು. ಇವರಿಗೆ ಒಳ್ಳೆಯ ಊಟ ಹಾಕಿ, ಕಲಿಸುವವರನ್ನು ಕೊಟ್ಟರೆ ದೇಶಕ್ಕೆ ಹೆಸರು ತಂದಾರೆಂದು ಎಣಿಸಿದರು. ಐವತ್ತು ವರ್ಷಗಳ ನಂತರ ಅದೇ ಬಗೆಯ ಹುಡುಗ ಒಬ್ಬ ಶಿಕ್ಷಕನ ಮುಂದೆ ಬಂದು ನಿಂತಾಗ, ಆ ಶಿಕ್ಷಕ ನೋಡಿದ್ದು ಅವನ ಕಾಲನ್ನಲ್ಲ, ಅವನ ಅವ್ವನ ಕೈಯೊಳಗಿನ ಐದು ರೂಪಾಯಿಯನ್ನು. ವಿಪರ್ಯಾಸವೆಂದರೆ, ಅದಾದ ನಾಲ್ಕೈದು ವರ್ಷಗಳಲ್ಲಿ, 1974ರಲ್ಲಿ, ಒಲಿಂಪಿಕ್ ಸಮಿತಿಯೇ ತನ್ನ ನಿಯಮಗಳಿಂದ ‘ಹವ್ಯಾಸಿ’ ಎಂಬ ಶಬ್ದವನ್ನು ತೆಗೆದುಹಾಕಿತು. 1946ರಲ್ಲಿ ಹುಟ್ಟಿದ ಭಾರತದ ಓಟಪಂದ್ಯಗಳ ಒಕ್ಕೂಟವೂ ಮುಂದೆ ತನ್ನ ಹೆಸರಿನ ತಲೆಯಲ್ಲಿದ್ದ ಆ ಶಬ್ದವನ್ನು ಬಿಟ್ಟಿತು. ಕಾಯದೆ ಬರೆದವರೇ ಅದನ್ನು ಅಳಿಸಿ ಹಾಕಿದರು. ಮಾಸ್ತರರು ಪಟ್ಟಿಯ ಮೇಲೆ ಎಳೆದ ಗೆರೆ ಮಾತ್ರ ಅಳಿಯದೆ ಉಳಿಯಿತು.

ಇಷ್ಟನ್ನು ಹೇಳಿ ಮುಗಿಸುವಾಗ ಪಡಸಾಲೆಯಲ್ಲಿ ದೀಪ ಹತ್ತಿಸಿಯಾಗಿತ್ತು. ಸೊಸೆ ಅಡಿಗೆಯ ಮನೆಯ ಬಾಗಿಲಿಗೆ ಬಂದು, ಸೌಟು ಹಿಡಿದುಕೊಂಡೇ ನಿಂತಿದ್ದಳು. ಯಾರೂ ಮಾತಾಡಲಿಲ್ಲ. ಕೊನೆಗೆ ಹುಡುಗಿಯೇ ಕೇಳಿದಳು.

“ಆ ಚೌಗುಲೆ ಅವರು ಬಂದ ಮ್ಯಾಲ ಏನಾತು, ಅಜ್ಜಾ?”

ಬರಿಗೈಯಲ್ಲಿ ಬಂದವರಿಂದ ಏನಾಯಿತು ಎಂಬುದಕ್ಕೆ ಮಾಸ್ತರರು ಚರಿತ್ರೆಯ ಪಾಠದಂತೆ ಉತ್ತರ ಹೇಳಿದರು. ಆ ಆರು ಜನ ಹೋಗಿ ಬಂದುದರಿಂದ ಹಾದಿ ತೆರೆಯಿತು. 1924ರಲ್ಲಿ, ಬೆಳಗಾವಿಯಲ್ಲಿ ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ಆ ವರ್ಷವೇ, ಪ್ರಾಂತಪ್ರಾಂತಗಳ ಓಟಗಾರರನ್ನು ಒಂದೆಡೆ ಕೂಡಿಸಿ ಅಖಿಲ ಭಾರತ ಒಲಿಂಪಿಕ್ ಪಂದ್ಯಗಳು ನಡೆದವು. ಪ್ಯಾರಿಸ್ಸಿಗೆ ಹೋಗುವ ತಂಡವನ್ನು ಅಲ್ಲಿ ಆರಿಸಿದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು. ದೋರಾಬಜಿ ಅದರ ಮೊದಲನೆಯ ಅಧ್ಯಕ್ಷರಾದರು. ಅಂದಿನ ಆ ಪಂದ್ಯಗಳೇ ಬೆಳೆದು ರಾಷ್ಟ್ರೀಯ ಕ್ರೀಡಾಕೂಟವೆನಿಸಿ, 1997ರಲ್ಲಿ ಕರ್ನಾಟಕಕ್ಕೂ ಬಂದವು. 1951ರಲ್ಲಿ ದಿಲ್ಲಿಯಲ್ಲಿ ಮೊದಲನೆಯ ಏಷ್ಯನ್ ಪಂದ್ಯಗಳು ನಡೆದಾಗ ಮ್ಯಾರಥಾನ್ ಗೆದ್ದವನು ಭಾರತದ ಛೋಟಾ ಸಿಂಗ್. ಒಬ್ಬನು ಹತ್ತೊಂಬತ್ತನೆಯವನಾಗಿ ಬಂದ ಹಾದಿಯಲ್ಲಿಯೇ, ಮೂವತ್ತೊಂದು ವರ್ಷಗಳ ನಂತರ, ಇನ್ನೊಬ್ಬನು ಮೊದಲನ��ಯವನಾಗಿ ಬಂದನು.

“ನಾಳೆ ನಸುಕಿನ್ಯಾಗ ಏಳು. ಒಂದು ಲೆಕ್ಕಾ ತೋರಸ್ತೇನಿ” ಎಂದು ಹೇಳಿ ಮಾಸ್ತರರು ಊಟಕ್ಕೆ ಎದ್ದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಜ್ಜ ಮೊಮ್ಮಗಳು ಬೆಳಗಾವಿಯ ಹಾದಿಯಲ್ಲಿದ್ದರು. ಎರಡೂ ಕಡೆ ಎರೆಹೊಲ. ಇಬ್ಬನಿಯಲ್ಲಿ ನೆನೆದ ಹತ್ತಿಯ ಗಿಡಗಳು. ಮಾಸ್ತರರು ಒಂದು ಕಿಲೋಮೀಟರಿನ ಕಲ್ಲಿನ ಹತ್ತಿರ ಹುಡುಗಿಯನ್ನು ನಿಲ್ಲಿಸಿ, ತಾವು ಪರಿಚಿತನೊಬ್ಬನ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಮುಂದಿನ ಕಲ್ಲಿಗೆ ಹೋಗಿ, ಕೈವಸ್ತ್ರ ಬೀಸಿದರು. ಹುಡುಗಿ ಓಡಿದಳು. ಒಂದೇ ಕಿಲೋಮೀಟರು, ಇದ್ದ ಬಲವನ್ನೆಲ್ಲ ಹಾಕಿ ಓಡಿದಳು. ಬಂದು ಕಲ್ಲನ್ನು ಮುಟ್ಟಿ ನೆಲಕ್ಕೆ ಕುಸಿದಳು. ಮಾಸ್ತರರ ಗಡಿಯಾರ ನಾಲ್ಕು ನಿಮಿಷ ನಲವತ್ತು ಸೆಕೆಂಡು ತೋರಿಸಿತು.

“ಆ ಹತ್ತೊಂಬತ್ತನೇದವ ಇಷ್ಟು ದೂರಾನ ನಾಕು ನಿಮಿಷದಾಗ ಓಡಿದ್ದ. ಅದರಕಿಂತಾ ತುಸು ಕಡಿಮಿನs” ಎಂದರು ಅವರು.

ಹುಡುಗಿ ಉಸಿರು ಹಿಡಿದುಕೊಂಡು, “ಹಿಂಗ ಎಷ್ಟು ಕಲ್ಲು, ಅಜ್ಜಾ?” ಎಂದಳು.

“ನಲವತ್ತೆರಡು ಕಲ್ಲು. ಮ್ಯಾಲ ಮುಕ್ಕಾಲು.”

ಹುಡುಗಿ ಎದ್ದು ಕುಳಿತಳು. ಬೆಳಗಾವಿಯ ಕಡೆಗೆ ಹೋಗುವ ಹಾದಿಯನ್ನು ಕಣ್ಣು ಮುಟ್ಟುವಷ್ಟು ದೂರ ನೋಡಿದಳು. ಹತ್ತೊಂಬತ್ತು ಎಂಬ ಅಂಕಿ ಅವಳ ಕಣ್ಣಿನಲ್ಲಿ ಬೆಳೆಯುತ್ತಿರುವುದನ್ನು ಮಾಸ್ತರರು ಕಂಡರು. ಬಹುಮಾನದ ಪಟ್ಟಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೆ ಒಂದು ಕಲ್ಲಿನ ದೂರವನ್ನು ತನ್ನ ಕಾಲಿನಿಂದ ಅಳೆದವಳಿಗೆ ಅದರ ತೂಕ ತಿಳಿಯುತ್ತದೆ.

ಮನೆಗೆ ಬಂದಾಗ ಸೊಸೆ ಬಾಗಿಲಲ್ಲಿ ಕಾದಿದ್ದಳು. ಮಗಳ ಕೈಗೆ ಹಾಲಿನ ಲೋಟ ಕೊಟ್ಟು, ಮಾವನ ಕಡೆಗೆ ನೋಡದೆಯೇ ಅಂದಳು: “ಟ್ಯೂಷನ್ ಏಳಕ್ಕ ಅದ. ಓಡೂದಿದ್ರ ಐದೂವರಿಗೆ ಏಳಬೇಕಾಗತದ. ನಾ ಎಬ್ಬಸ್ತೇನಿ, ಆದ್ರ ಏಳರೊಳಗ ಮನ್ಯಾಗಿರಬೇಕು.”

ಮಾಸ್ತರರು ಒಳಗೆ ಹೋಗಿ ಟ್ರಂಕಿನಿಂದ ತಮ್ಮ ಹಳೆಯ ನೋಟುಬುಕ್ಕನ್ನು ತೆಗೆದರು. ಓಟದ ವೇಳೆಗಳನ್ನು ಬರೆದಿಡುತ್ತಿದ್ದ ಪುಸ್ತಕ ಅದು. ಎಷ್ಟೋ ವರ್ಷಗಳಿಂದ ಅದರಲ್ಲಿ ಏನೂ ಬರೆದಿರಲಿಲ್ಲ. ತಾರೀಖು ಹಾಕಿ ಮೊಮ್ಮಗಳ ಹೆಸರನ್ನೂ, ಅದರ ಮುಂದೆ ನಾಲ್ಕು ನಿಮಿಷ ನಲವತ್ತು ಸೆಕೆಂಡನ್ನೂ ಬರೆದರು. ಆ ಮೇಲೆ ಪುಟ ತಿರುವಿ ಹಿಂದಕ್ಕೆ ಹೋದರು. 1970ರ ಪುಟ ಸಿಕ್ಕಿತು. ಗೆರೆ ಎಳೆದ ಹೆಸರೊಂದು ಅಲ್ಲಿತ್ತು. ಗೆರೆಯ ಕೆಳಗೂ ಅಕ್ಷರಗಳು ಸ್ಪಷ್ಟವಾಗಿದ್ದವು. ಮಾಸ್ತರರು ಕನ್ನಡಕವನ್ನು ಒರೆಸಿ ಹಾಕಿಕೊಂಡು, ಅದೇ ಹೆಸರನ್ನು ಅದರ ಪಕ್ಕದಲ್ಲಿ, ಗೆರೆಯಿಲ್ಲದೆ, ಇನ್ನೊಮ್ಮೆ ಬರೆದರು.